ಉತ್ತರ ಸರಿಯಿತ್ತು, ಮಗಳೇ

ಪುಟ್ಟಿ,

ನಿನ್ನೆ ರಾತ್ರಿ ಮಾತಿನ ನಡುವೆಯೇ ಫೋನ್ ಇಟ್ಟುಬಿಟ್ಟೆ. ಮತ್ತೆ ಮಾಡಿದರೆ ಎತ್ತಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ, "ಈ ಕೋರ್ಸೇ ಬೇಡಮ್ಮ, ಬಿಡ್ತೀನಿ" ಅಂತ ಒಂದೇ ಸಾಲು. ಅದಕ್ಕೆ ಇನ್ನೊಂದು ಸಾಲಿನಲ್ಲಿ ಉತ್ತರ ಕೊಡುವುದು ನನ್ನಿಂದಾಗದು, ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿನಗೆ ನೋವಾಗಿದೆ ಅಂತ ನನಗೂ ರಾತ್ರಿಯೆಲ್ಲ ಸಂಕಟ. ಆದರೆ ಕೇಳಿದ ಪ್ರಶ್ನೆಯನ್ನು ಮಾತ್ರ ವಾಪಸ್ ತೆಗೆದುಕೊಳ್ಳುವುದಿಲ್ಲ.

ಯಾರು ಏನಂದರು ಅನ್ನುವುದು ಇಬ್ಬರಿಗೂ ನೆನಪಿದೆ, ಅದು ಬೇಡ. ನಿನ್ನ ಆನ್‌ಲೈನ್ ಕಂಪ್ಯೂಟರ್ ಕೋರ್ಸಿನ ನೆಟ್‌ವರ್ಕಿಂಗ್ ಕ್ವಿಜ್‌ನಲ್ಲಿ ನಿನ್ನ ಎಲ್ಲ ಉತ್ತರವೂ ಸರಿಯಿತ್ತು. 192.168.10.77/26 ಎಂಬ ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಒಂದು ಯಂತ್ರದ ಗುರುತಿನ ಸಂಖ್ಯೆ, ಯಾವ ನೆಟ್‌ವರ್ಕಿನದು ಅಂದರೆ 192.168.10.64 ಅಂತ ಗುರುತು ಹಾಕಿದ್ದೆ. ಹೇಗೆ ಬಂತು ಅಂತ ನಾನು ಕೇಳಿದೆ. ಎಐ ಹೇಳಿತು ಅಂದೆ ನೀನು. ಆ ಮಾತು ಕೇಳಿದ್ದೇ ನನಗೆ ಹಳೆಯ ಆಫೀಸಿನ ಒಂದು ದಿನ ಕಣ್ಮುಂದೆ ಬಂತು.

ನಾನು ಕೆಲಸಕ್ಕೆ ಸೇರಿದ ಹೊಸತು. ನಮ್ಮ ಕಂಪ್ಯೂಟರ್ ವಿಭಾಗದಲ್ಲಿ ಪ್ರತಿ ರಾತ್ರಿ ದತ್ತಾಂಶವೆಲ್ಲ ಟೇಪಿಗೆ ಬ್ಯಾಕಪ್ ಆಗುತ್ತಿತ್ತು. ಬೆಳಿಗ್ಗೆ ಟೇಪ್ ತೆಗೆದು, ಮೇಲೆ ತಾರೀಕು ಬರೆದು, ರಿಜಿಸ್ಟರಿನಲ್ಲಿ ಸಹಿ ಹಾಕಿ ಬೀರುವಿಗೆ ಸೇರಿಸುತ್ತಿದ್ದರು. ಲಾಗ್ ತೆರೆದರೆ ಪ್ರತಿ ದಿನವೂ "ಯಶಸ್ವಿ". ಒಂದು ದಿನ ಸರ್ವರಿನ ಡಿಸ್ಕ್ ಕೆಟ್ಟಿತು. ಹಿಂದಿನ ರಾತ್ರಿಯ ಟೇಪ್ ಹಾಕಿದರು, ಅದರಲ್ಲಿ ಏನೂ ಇಲ್ಲ. ಅದರ ಹಿಂದಿನದು ಹಾಕಿದರು, ಅದೂ ಖಾಲಿ. ಬೀರುವಿನ ಟೇಪುಗಳೆಲ್ಲ ಒಂದೊಂದಾಗಿ ಮೇಜಿನ ಮೇಲೆ ಬಂದವು. ಯಾವಾಗಲೋ ಕಡತಗಳನ್ನು ಹೊಸ ಡಿಸ್ಕಿಗೆ ಸಾಗಿಸಿದ್ದರಂತೆ, ಬ್ಯಾಕಪ್ ಪ್ರೋಗ್ರಾಮು ಮಾತ್ರ ಹಳೆಯ ಡೈರೆಕ್ಟರಿಯನ್ನೇ ನಕಲು ಮಾಡುತ್ತಾ ಬಂದಿತ್ತು. ಖಾಲಿ ಡೈರೆಕ್ಟರಿ ಯಶಸ್ವಿಯಾಗಿ ನಕಲಾಗುತ್ತಿತ್ತು. ಲಾಗ್ ಸುಳ್ಳು ಹೇಳಿರಲಿಲ್ಲ ನೋಡು. ಒಮ್ಮೆಯಾದರೂ ಟೇಪಿನಿಂದ ಕಡತ ವಾಪಸ್ ತೆಗೆದು ನೋಡೋಣ ಅಂತ ಯಾರಿಗೂ ಅನಿಸಿರಲಿಲ್ಲ, ಅಷ್ಟೆ. ಅದರ ಹೊಣೆ ಹೊತ್ತಿದ್ದ ಹುಡುಗ ಬುದ್ಧಿವಂತ, ಪರೀಕ್ಷೆಗಳನ್ನೆಲ್ಲ ಚೆನ್ನಾಗಿ ಪಾಸಾಗಿದ್ದವನು. ಆ ಸಂಜೆ ಅವನು ಕೀಬೋರ್ಡಿನ ಮುಂದೆ ಕೂತು ಅದೇ ಕಮಾಂಡನ್ನು ಮತ್ತೆ ಮತ್ತೆ ಕೊಡುತ್ತಿದ್ದ. ಹಿಂದೆ ನಿಂತವರೆಲ್ಲ ಅವನನ್ನೇ ನೋಡುತ್ತಿದ್ದರು. ನಾನೂ ನಿಂತಿದ್ದೆ. ಅವನ ಕುತ್ತಿಗೆಯ ಮೇಲೆ ಬೆವರು ಇಳಿಯುತ್ತಿದ್ದದ್ದು ಈಗಲೂ ಕಾಣುತ್ತದೆ.

ನಿನ್ನೆ ಆ ಕುರ್ಚಿಯಲ್ಲಿ ನೀನು ಕೂತ ಹಾಗೆ ಅನಿಸಿತು. ಅದಕ್ಕೇ ನನ್ನ ದನಿ ಏರಿತು.

ಆ ಲೆಕ್ಕ ಎಷ್ಟು ಸಣ್ಣದು ಗೊತ್ತಾ? ವಿಳಾಸದಲ್ಲಿ ಒಟ್ಟು 32 ಬಿಟ್, ಅಂದರೆ 0 ಅಥವಾ 1 ಕೂರುವ 32 ಮನೆ. ಕೊನೆಯ /26 ಹೇಳುವ ಹಾಗೆ ಅದರಲ್ಲಿ 26 ನೆಟ್‌ವರ್ಕಿಗೆ ಹೋದರೆ ಉಳಿದದ್ದು 6. ಎರಡನ್ನು ಆರು ಸಲ ಗುಣಿಸಿದರೆ 64. ಹಾಗಾಗಿ ಕೊನೆಯ ಚುಕ್ಕಿಯ ನಂತರದ ಸಂಖ್ಯೆ 0, 64, 128, 192ರಿಂದ ಶುರುವಾಗುವ ತುಂಡುಗಳಾಗುತ್ತದೆ. 77 ಬೀಳುವುದು 64ರಿಂದ 127ರ ಒಳಗೆ. 64 ಆ ನೆಟ್‌ವರ್ಕಿನದೇ ವಿಳಾಸ, 127 ಬ್ರಾಡ್‌ಕಾಸ್ಟ್, ಅಂದರೆ ಅಲ್ಲಿನ ಎಲ್ಲ ಯಂತ್ರಗಳನ್ನೂ ಒಟ್ಟಿಗೆ ಕೂಗುವ ವಿಳಾಸ, ನಡುವಿನ 62 ಯಂತ್ರಗಳಿಗೆ. ಹಾಳೆಯ ಮೇಲೆ ಒಮ್ಮೆ ನೀನೇ ಬರೆದರೆ ಇನ್ನು ಯಾರನ್ನೂ ಕೇಳಬೇಕಾಗಿಲ್ಲ.

ನಿನಗೆ ಬರದು ಅಂತ ನಾನು ಹೇಳುತ್ತಿಲ್ಲ ಕಣೇ. ಮೊದಲ ವಾರ ನೀನೇ ಫೋನ್ ಮಾಡಿ, "ಅಮ್ಮಾ, ಯೂನಿಕೋಡ್‌ನಲ್ಲಿ ನಮ್ಮ 'ಕ' ಅಕ್ಷರದ ಸಂಖ್ಯೆ 3221 ಅಂತೆ, ಯುಟಿಎಫ್-8ರಲ್ಲಿ ಅದಕ್ಕೆ ಮೂರು ಬೈಟ್ ಬೇಕಂತೆ" ಅಂತ ಹೇಳಿದೆಯಲ್ಲ. ಯೂನಿಕೋಡ್ ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡುವ ಪಟ್ಟಿ, ಯುಟಿಎಫ್-8 ಆ ಸಂಖ್ಯೆಯನ್ನು ಬೈಟ್‌ಗಳಲ್ಲಿ ಬರೆಯುವ ಒಂದು ರೀತಿ. ಇಂಗ್ಲಿಷಿನ ಅಕ್ಷರಕ್ಕೆ ಒಂದೇ ಬೈಟ್ ಸಾಕು, ನಮಗ್ಯಾಕೆ ಮೂರು ಅಂತ ಜಗಳ ಬೇರೆ ಆಡಿದೆ. ಅವತ್ತು ಫೋನ್ ಇಟ್ಟ ಮೇಲೆ ಎಷ್ಟೋ ಹೊತ್ತು ನನ್ನ ಮುಖದ ಮೇಲಿನ ನಗು ಹೋಗಲಿಲ್ಲ. ಯಾರೂ ಕೇಳದೆಯೇ "ಯಾಕೆ" ಅಂದವಳು ನೀನು. ಆ ಹುಡುಗಿ ಮೂರೇ ವಾರದಲ್ಲಿ ಎಲ್ಲಿ ಹೋದಳು?

ಕಷ್ಟ ಇದೆ, ಒಪ್ಪುತ್ತೇನೆ. ಒಬ್ಬಳೇ ಕೋಣೆಯಲ್ಲಿ ಕೂತು ಪರದೆ ನೋಡುತ್ತಾ ಕಲಿಯುವುದು ಒಂಟಿ ಕೆಲಸ. ಪಕ್ಕದಲ್ಲಿ ಇನ್ನೊಬ್ಬಳಿಗೂ ಅರ್ಥವಾಗಿಲ್ಲ ಅನ್ನುವ ಸಮಾಧಾನವೂ ಸಿಗುವುದಿಲ್ಲ. ಎಲ್ಲರಿಗೂ ತೆರೆದಿರುವ ಇಂಥ ಉಚಿತ ಆನ್‌ಲೈನ್ ಕೋರ್ಸ್‌ಗಳಿಗೆ ಸೇರಿದವರಲ್ಲಿ ಸಾಮಾನ್ಯವಾಗಿ ಹತ್ತಕ್ಕೆ ಒಬ್ಬರೂ ಕೊನೆ ಮುಟ್ಟುವುದಿಲ್ಲ. ಹಾಗಿರುವಾಗ ನಿನಗೆ ಬೇಸರ ಬಂದದ್ದು ನಿನ್ನ ಕೊರತೆಯೇನಲ್ಲ.

ಆದರೆ ವೀಡಿಯೋವನ್ನು ಎರಡು ಪಟ್ಟು ವೇಗದಲ್ಲಿ ಓಡಿಸಿ ತಲೆಯಾಡಿಸುವುದು ಬೇಡ. ಒಂದು ವರ್ಚುವಲ್ ಮಷೀನ್, ಅಂದರೆ ನಿನ್ನ ಕಂಪ್ಯೂಟರಿನೊಳಗೇ ಓಡುವ ಇನ್ನೊಂದು ಕಂಪ್ಯೂಟರ್, ಹಾಕಿಕೋ, ಅದರಲ್ಲಿ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಇರಲಿ. ಆ ಕ್ಷಣದ ಸ್ಥಿತಿಗೆ ವಾಪಸ್ ಬರಲು ಒಂದು ಸ್ನಾಪ್‌ಶಾಟ್ ತೆಗೆದಿಟ್ಟು, ಬೇಕೆಂದೇ ಕೆಡಿಸು, ಮತ್ತೆ ಸರಿಮಾಡು. ನೆಟ್ ಬರುತ್ತಿಲ್ಲವೆಂದರೆ ರೂಟರ್ ಆಫ್ ಮಾಡಿ ಆನ್ ಮಾಡುವ ಮೊದಲು 127.0.0.1ಕ್ಕೆ, ಅಂದರೆ ನಿನ್ನ ಯಂತ್ರಕ್ಕೇ, ಪಿಂಗ್ ಮಾಡಿ ಉತ್ತರ ಬರುತ್ತದಾ ನೋಡು, ಆಮೇಲೆ ಗೇಟ್‌ವೇಗೆ, ಅಂದರೆ ಹೊರಗೆ ದಾರಿ ಕೊಡುವ ಆ ರೂಟರಿಗೆ, ಆಮೇಲೆ ಹೊರಗಿನ ಒಂದು ಐಪಿಗೆ. ಅಲ್ಲಿಯವರೆಗೂ ಉತ್ತರ ಬಂದು, ಹೆಸರು ಹಾಕಿದಾಗ ಮಾತ್ರ ಬರದಿದ್ದರೆ ಮೊದಲು ಡಿಎನ್‌ಎಸ್, ಅಂದರೆ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ, ನೋಡು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಅದನ್ನು ರೂಪಿಸುವ ಮೊದಲು, ಎಲ್ಲ ಯಂತ್ರಗಳ ಹೆಸರೂ ಒಂದೇ ಕಡತದಲ್ಲಿರುತ್ತಿತ್ತು, ಎಲ್ಲರೂ ಅದನ್ನೇ ನಕಲಿಳಿಸಿಕೊಳ್ಳುತ್ತಿದ್ದರು. ನೋಡು, ಪಾಠ ಶುರುಮಾಡಿಬಿಟ್ಟೆ.

ಎಐ ಮುಟ್ಟಬೇಡ ಅನ್ನುವುದಿಲ್ಲ. ಉತ್ತರ ಕೇಳುವ ಬದಲು, ನನಗೆ ಪ್ರಶ್ನೆ ಕೇಳು, ನನ್ನ ತಪ್ಪು ಹಿಡಿ ಅಂತ ಹೇಳು. ಅದು ಇಲ್ಲದ ದಿನವೂ ಬರುತ್ತದೆ, ನೆಟ್ಟೇ ಬಿದ್ದುಹೋದ ದಿನ. ಅವತ್ತು ಹಿಂದೆ ಜನ ನಿಂತಿರುತ್ತಾರೆ. ಆ ಹುಡುಗನ ಹಿಂದೆ ನಿಂತಿದ್ದ ಹಾಗೆ. ಮತ್ತೆ ಅಲ್ಲಿಗೇ ಬಂದೆ, ಏನು ಮಾಡಲಿ, ಮನಸ್ಸಿನಿಂದ ಹೋಗುತ್ತಿಲ್ಲ.

ಬಿಡುವುದಾದರೆ ಬಿಡು, ನಾನು ತಡೆಯುವುದಿಲ್ಲ. ಈ ಒಂದು ಲೆಕ್ಕ ಮಾಡಿ ಆಮೇಲೆ ಬಿಡು: 10.0.5.200/27. ನೆಟ್‌ವರ್ಕ್ ಯಾವುದು, ಬ್ರಾಡ್‌ಕಾಸ್ಟ್ ಯಾವುದು, ಎಷ್ಟು ಯಂತ್ರಗಳಿಗೆ ಜಾಗವಿದೆ? ಹಾಳೆಯ ಮೇಲೆ ಮಾಡಿ ಫೋಟೋ ಕಳಿಸು. ತಪ್ಪಾದರೂ ಹೊಡೆದು ಹಾಕಬೇಡ, ಹಾಗೇ ಕಳಿಸು, ಎಲ್ಲಿ ಎಡವಿದೆ ಅಂತ ಇಬ್ಬರೂ ಕೂತು ಹುಡುಕೋಣ. ಈ ಸಲ ಫೋನ್ ಎತ್ತು.

ನಿನ್ನ ಅಮ್ಮ