ಇಪ್ಪತ್ತೊಂದಕ್ಕೆ ಇನ್ನೂ ಎರಡು ವರ್ಷ

ಗೋಣಿಕೊಪ್ಪಲು

ಚಿ. ಬೋಪುವಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ಕಳೆದ ಶನಿವಾರ ಕುಶಾಲನಗರದ ಬಾರೊಂದರಲ್ಲಿ ವಯಸ್ಸು ಕೇಳಿ ಗೆಳೆಯರೆದುರೇ ನಿನ್ನನ್ನು ಎಬ್ಬಿಸಿ ಕಳುಹಿಸಿದರೆಂದೂ, ಮುಂದಿನ ಸಲ ನಿನ್ನ ದೊಡ್ಡಪ್ಪನ ಮಗನ ಆಧಾರ್ ಕಾರ್ಡ್ ತೋರಿಸಿ ಒಳಗೆ ಹೋಗುವ ಯೋಚನೆಯಲ್ಲಿದ್ದೀಯೆಂದೂ ನಿನ್ನ ಅವ್ವ ಫೋನಿನಲ್ಲಿ ಹೇಳಿದಳು. ಮತ ಹಾಕಲು 18 ಸಾಕು, ಒಂದು ಬಿಯರಿಗೆ 21 ಬೇಕೇ ಎಂಬ ನಿನ್ನ ಪ್ರಶ್ನೆಯನ್ನೂ ತಲುಪಿಸಿದಳು.

ಪ್ರಶ್ನೆಯಲ್ಲಿ ಹುರುಳಿದೆ. 1965ರ ಕರ್ನಾಟಕ ಅಬಕಾರಿ ಕಾಯ್ದೆ 18 ತುಂಬದವರಿಗೆ ಮದ್ಯ ಮಾರುವುದನ್ನು ಅಪರಾಧವೆನ್ನುತ್ತದೆ. 1967ರ ಸನ್ನದು ನಿಯಮಗಳು 21 ತುಂಬದವರಿಗೆ ಮಾರಲೇಬಾರದೆನ್ನುತ್ತವೆ. 2023ರ ಜನವರಿಯಲ್ಲಿ ಸರ್ಕಾರ ನಿಯಮವನ್ನೂ 18ಕ್ಕೆ ಇಳಿಸಲು ಕರಡು ಹೊರಡಿಸಿ, ಆಕ್ಷೇಪಗಳು ಬಂದ ಮೇಲೆ ಹಿಂತೆಗೆದುಕೊಂಡಿತು. ಕುಟ್ಟ ದಾಟಿ ಕೇರಳದ ವಯನಾಡಿಗೆ ಕಾಲಿಟ್ಟರೆ 23 ಆಗಿರಬೇಕು. ನಿನ್ನನ್ನು ಎಬ್ಬಿಸಿದವನಿಗೆ ಮಾಲೀಕನ ಸನ್ನದು ಹೋದೀತೆಂಬ ಭಯ. ಅವನ ಸಂಬಳವೂ ಅದನ್ನೇ ನಂಬಿಕೊಂಡಿದೆ.

ನಿನ್ನ ಸಿಟ್ಟಿಗೆ ನಾನೂ ಕಾರಣ. ವಿರಾಜಪೇಟೆಯ ಮದುವೆಯಲ್ಲಿ ಎರಡು ಬೆರಳಷ್ಟು ರಮ್ ಸುರಿದು, ಇನ್ನು ನೀನು ದೊಡ್ಡವನಾದೆ ಎಂದು ಗ್ಲಾಸನ್ನು ನಿನ್ನ ಕೈಗಿತ್ತವನು ನಾನೇ. ಗತಿಸಿದ ಹಿರಿಯರಾದ ಕಾರಣವರಿಗೆ ಮೀದಿಯೆಂಬ ಎಡೆ ಇಡುವಾಗಲೂ ಮದ್ಯವಿಡುವ ಮನೆತನ ನಮ್ಮದು. ಮನೆಯಲ್ಲಿ ಸಲ್ಲುವುದು ಅಂಗಡಿಯಲ್ಲಿ ಏಕೆ ಸಲ್ಲದು ಎಂಬ ತಬ್ಬಿಬ್ಬನ್ನು ನಿಮ್ಮ ತಲೆಮಾರಿಗೆ ಕೊಟ್ಟವರು ನಾವೇ. ಅಂದು ನಿನ್ನ ಅವ್ವ ನನ್ನತ್ತ ನೋಡಿದ ನೋಟವನ್ನು ನಾನಿನ್ನೂ ಮರೆತಿಲ್ಲ.

ಆದರೆ ಬಾರಿನಿಂದ ಎದ್ದುಬಂದ ಹುಡುಗರು ನೆಟ್ಟಗೆ ಮನೆಗೆ ಹೋಗುವುದಿಲ್ಲವೆಂಬುದೇ ನನ್ನ ಕಳವಳ. ಗುಂಪಿನಲ್ಲಿ 21 ತುಂಬಿದವನ ಕೈಗೆ ಹಣ ಕೂಡಿಸಿ ಕೊಟ್ಟು, ಬಾಟಲಿ ತರಿಸಿ, ನಮ್ಮ ತೋಟದ ಗೇಟಿನ ಪಕ್ಕದ ಕತ್ತಲಲ್ಲಿ ಸ್ಕೂಟರ್ ನಿಲ್ಲಿಸಿ, ಯಾರಾದರೂ ಬಂದಾರೆಂಬ ಗಡಿಬಿಡಿಯಲ್ಲಿ ಸರಿಯಾಗಿ ನೀರೂ ಬೆರೆಸದೆ ಕುಡಿಯುತ್ತಾರೆ. ಬೆಳಗ್ಗೆ ಕಾಫಿ ಗಿಡದ ಬುಡದಿಂದ ಖಾಲಿ ಕ್ವಾರ್ಟರ್ ಬಾಟಲಿಯನ್ನೂ ಅರ್ಧ ತಿಂದ ಚಿಪ್ಸ್ ಪೊಟ್ಟಣವನ್ನೂ ಹೆಕ್ಕುವವನು ನಾನು. ಮದುವೆಮನೆಯಲ್ಲಿ ಊಟವಿರುತ್ತದೆ, ಸಾಕು ಎನ್ನುವ ಹಿರಿಯರಿರುತ್ತಾರೆ, ಮಲಗಲು ಚಾಪೆಯಿರುತ್ತದೆ. ಆ ಗೇಟಿನ ಬಳಿ ಇರುವುದು ಸ್ಕೂಟರ್ ಒಂದೇ. ಹಾಗೆ ಹೊರಟವನ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಕಂಡರೆ, ಮೊದಲ ಸಲವೇ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಅಲ್ಲಿ 21 ತುಂಬಿದೆಯೇ ಎಂದು ಯಾರೂ ಕೇಳುವುದಿಲ್ಲ.

ಅಣ್ಣನ ಕಾರ್ಡಿನ ವಿಚಾರ ಬಿಟ್ಟುಬಿಡು. ಸೈನ್ಯಕ್ಕೆ ಸೇರಬೇಕೆಂದಿರುವ ನಿನಗೆ ನಾಳೆ ಪೊಲೀಸ್ ಪರಿಶೀಲನೆ ಇದ್ದೇ ಇದೆ; ಇನ್ನೊಬ್ಬನ ಹೆಸರಿನಲ್ಲಿ ಸೋಗು ಹಾಕಿದ ದೂರೊಂದು ಅದಕ್ಕೆ ಅಡ್ಡ ಬಂದರೆ ಆಮೇಲೆ ನಾನಾಗಲಿ ನಿನ್ನ ಅಪ್ಪನಾಗಲಿ ಬಿಡಿಸಲಾರೆವು. ಎರಡು ವರ್ಷ ಕಳೆದರೆ ಗುಂಪಿನ ಹಣ ನಿನ್ನ ಕೈಗೇ ಬರುತ್ತದೆ. ಹದಿನೆಂಟರ ಹುಡುಗನಿಗೆ ಬಾಟಲಿ ತಂದುಕೊಡಲಾರೆನೆಂದು ಅಂದು ಹೇಳುವುದು, ಮೊನ್ನೆ ಬಾರಿನಿಂದ ಎದ್ದು ಬಂದುದಕ್ಕಿಂತ ಕಷ್ಟವಾದೀತು.

ಹುತ್ತರಿ ಹಬ್ಬಕ್ಕೆ ಬರುವಾಗ ಸ್ಕೂಟರ್ ಬೇಡ, ಬಸ್ಸಿನಲ್ಲಿ ಬಾ. ನಿಲ್ದಾಣಕ್ಕೆ ನಾನೇ ಜೀಪು ತರುತ್ತೇನೆ. ಈ ಸಲ ನಿನ್ನ ಗ್ಲಾಸಿಗೆ ಕಾಫಿಯೇ. ನಿನ್ನ ಅವ್ವನಿಗೆ ಮಾತು ಕೊಟ್ಟಿದ್ದೇನೆ.

ಇತಿ,
ನಿನ್ನ ಮಾವ