ಹುಟ್ಟಿದ ಕೂಡಲೇ ಅಳದ ಮಕ್ಕಳಿಗಾಗಿ ನಿಮ್ಮ ನೆರವು ಬೇಕು

ಆತ್ಮೀಯರೇ,

"ಮಗು ಅಳಲೇ ಇಲ್ಲ ಕಣಮ್ಮ." ಹೆರಿಗೆ ವಾರ್ಡಿನ ಹೊರಗೆ ಈ ಮಾತು ಕೇಳಿದವರಿಗೆ ಆ ಸಂಕಟ ಗೊತ್ತು. ಹೆರಿಗೆ ಹೊತ್ತಿನಲ್ಲಿ ಆಕ್ಸಿಜನ್ ಸಾಲದೆ ಹೋದರೆ ಮಗುವಿನ ಮೆದುಳಿಗೆ ಪೆಟ್ಟಾಗುತ್ತದೆ. ಆಮೇಲೆ ಉಸಿರು ಬಂದರೆ ಮನೆಯವರು ಸದ್ಯ ಬದುಕಿತು ಅಂದುಕೊಳ್ಳುತ್ತಾರೆ. ಆದರೆ ಕೆಲವು ಗಂಟೆಗಳ ನಂತರ ಮೆದುಳಿನ ಜೀವಕೋಶಗಳು ಮತ್ತೆ ಸಾಯತೊಡಗುತ್ತವೆ. ಫಿಟ್ಸ್ ಬರಬಹುದು. ಬದುಕಿದರೂ ಕೆಲವು ಮಕ್ಕಳಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ಪೆಟ್ಟಿನಿಂದ ಕೈಕಾಲು ಹಿಡಿತಕ್ಕೆ ಸಿಗದ ತೊಂದರೆ, ಉಳಿದುಬಿಡುತ್ತದೆ.

ಆ ಎರಡನೇ ಪೆಟ್ಟನ್ನು ತಡೆಯಲೆಂದೇ ಕೂಲಿಂಗ್ ಚಿಕಿತ್ಸೆ ಇದೆ. ಹುಟ್ಟಿದ 6 ಗಂಟೆಯೊಳಗೆ ಮಗುವಿನ ಮೈಬಿಸಿಯನ್ನು 33–34 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ, 72 ಗಂಟೆ ಹಾಗೇ ಇಡುತ್ತಾರೆ. ನಂತರ ಬಹಳ ನಿಧಾನವಾಗಿ ಬೆಚ್ಚಗೆ ಮಾಡುತ್ತಾರೆ. ಇದನ್ನು ಮನೆಯಲ್ಲಿ ಯಾರೂ ಮಾಡಬಾರದು. ಮಗುವನ್ನು ಬೆಚ್ಚಗಿಡಬೇಕು ಎನ್ನುವ ನಮ್ಮ ಅಜ್ಜಿಯರ ಮಾತು ಸರಿಯೇ.

ಹೊರದೇಶದ ಕೂಲಿಂಗ್ ಯಂತ್ರಗಳು ತುಂಬಾ ದುಬಾರಿ. ಕಡಿಮೆ ಖರ್ಚಿನ 'ಮಿರಾಕ್ರೇಡಲ್' ಎಂಬ ತೊಟ್ಟಿಲನ್ನು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ (ಸಿಎಂಸಿ) ವೈದ್ಯರ ಜೊತೆ ಸೇರಿ ನಮ್ಮ ದೇಶದ ಕಂಪನಿಯೇ ತಯಾರಿಸಿದೆ. ಚಳಿಗೆ ಗಟ್ಟಿಯಾದ ಕೊಬ್ಬರಿ ಎಣ್ಣೆ ಬಿಸಿ ತಾಗಿದರೆ ಕರಗುತ್ತದಲ್ಲ, ಈ ತೊಟ್ಟಿಲಿನ ಹಾಸಿಗೆಯೊಳಗಿನ ವಸ್ತುವೂ ಮಗುವಿನ ಬಿಸಿ ಹೀರಿಕೊಂಡು ಹಾಗೇ ಕರಗುತ್ತದೆ. ಮೊದಲೇ ತಣ್ಣಗೆ ಮಾಡಿಟ್ಟಿದ್ದರೆ, ಮಧ್ಯೆ ಕರೆಂಟು ಹೋದರೂ ತಂಪು ಹಾಗೇ ಮುಂದುವರಿಯುತ್ತದೆ.

ಇನ್ನೊಂದು ವಿಷಯ ಮುಚ್ಚಿಟ್ಟು ಹಣ ಕೇಳುವುದು ಸರಿಯಲ್ಲ. ಭಾರತ, ಶ್ರೀಲಂಕಾ, ಬಾಂಗ್ಲಾದೇಶದಲ್ಲಿ ನಡೆದ ಹೆಲಿಕ್ಸ್ ಅಧ್ಯಯನದ ಫಲಿತಾಂಶ 2021ರಲ್ಲಿ ಬಂತು. ಬೇರೊಂದು ಬಗೆಯ ಕೂಲಿಂಗ್ ಯಂತ್ರ ಬಳಸಿದ ಆ ಅಧ್ಯಯನದಲ್ಲಿ ಚಿಕಿತ್ಸೆಯಿಂದ ಲಾಭ ಕಾಣಲಿಲ್ಲ, ಸಾವು ಜಾಸ್ತಿಯೇ ಆಗಿತ್ತು. ಆದ್ದರಿಂದ ಸುಮ್ನೆ ತೊಟ್ಟಿಲು ಹಂಚುವುದಕ್ಕೆ ನಮ್ಮ ಟ್ರಸ್ಟ್ ಒಪ್ಪಿಲ್ಲ. ನವಜಾತ ಶಿಶು ತಜ್ಞರು, ಮಾನಿಟರ್, ವೆಂಟಿಲೇಟರ್ ಇರುವ ಘಟಕ ಕೇಳಿದರೆ ಮಾತ್ರ ಕೊಡುತ್ತೇವೆ. ಯಾವ ಮಗುವಿಗೆ ಬೇಕು, ಯಾವುದಕ್ಕೆ ಬೇಡ ಅನ್ನುವುದು ಆ ವೈದ್ಯರ ತೀರ್ಮಾನ.

ಬಂದ ಹಣದಲ್ಲಿ ಹೆಚ್ಚಿನ ಪಾಲು ಮೊದಲ ಒಂದು ನಿಮಿಷಕ್ಕೆ ಹೋಗುತ್ತದೆ. ಉಸಿರಾಡದ ಮಗುವಿಗೆ ಬ್ಯಾಗ್-ಮಾಸ್ಕ್ (ಕೈಯಿಂದ ಒತ್ತಿ ಗಾಳಿ ಕೊಡುವ ಚೀಲ ಮತ್ತು ಮುಖವಾಡ) ಹಿಡಿದು ಉಸಿರು ಕೊಡಬೇಕಾದದ್ದು ಆ ನಿಮಿಷದಲ್ಲೇ ಅಲ್ವಾ? ನಾಗಮಂಗಲ, ಕೆ.ಆರ್.ಪೇಟೆ, ಎಚ್.ಡಿ.ಕೋಟೆ ಕಡೆಯ ನರ್ಸುಗಳಿಗೆ ಬೊಂಬೆ ಇಟ್ಟುಕೊಂಡು ಮತ್ತೆ ಮತ್ತೆ ಅಭ್ಯಾಸ ಮಾಡಿಸಬೇಕು. ಬ್ಯಾಗ್-ಮಾಸ್ಕ್ ಕೊಡಬೇಕು. ಮಗುವನ್ನು ಮೈಸೂರು ಅಥವಾ ಮಂಡ್ಯದ ದೊಡ್ಡಾಸ್ಪತ್ರೆಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸುವ ಏರ್ಪಾಡೂ ಆಗಬೇಕು.

ನೂರು ರೂಪಾಯಿ ಕೊಟ್ಟರೂ ರಸೀದಿ ಕೊಡುತ್ತೇವೆ. ಖರ್ಚಿನ ಲೆಕ್ಕವನ್ನು ಟ್ರಸ್ಟ್ ಕಚೇರಿಗೆ ಬಂದು ಯಾರು ಬೇಕಾದರೂ ನೋಡಬಹುದು. ದೇಣಿಗೆ ಕೊಡುವಾಗ, ನಿಮ್ಮೂರಿನ ಹತ್ತಿರ ಹೆರಿಗೆ ಆಗುವ ಆಸ್ಪತ್ರೆ ಯಾವುದೆಂದೂ ದಯವಿಟ್ಟು ತಿಳಿಸಿ. ಅಲ್ಲಿನ ನರ್ಸುಗಳನ್ನೂ ತರಬೇತಿಗೆ ಕರೆಯುತ್ತೇವೆ.