ರಬ್ಬರ್ ಧಾರಣೆ ಓದಿದ ರಾತ್ರಿ

ಚೀನೀ ಮೂಲದ ರಬ್ಬರ್ ಉದ್ಯಮಿ ತಾನ್ ಕಾ ಕೀ ಅವರ ಬದುಕಿನ ಬಗ್ಗೆ ನಾನು ಬರೆದ ಪುಸ್ತಕ ಕೊನೆಗೂ ಅಚ್ಚಾಗಿ ಸಿಂಗಪುರದ ನಮ್ಮ ಮನೆಗೆ ಬಂದಿದೆ. ನಾಲ್ಕು ವರ್ಷ ಹಿಡಿಯಿತು. ಅದರಲ್ಲಿ ಒಂದಿಡೀ ವರ್ಷ ಒಂದು ಸಾಲನ್ನೂ ಬರೆಯಲಿಲ್ಲ. ಹೆಂಡತಿ ಆಸ್ಪತ್ರೆಯಲ್ಲಿದ್ದುದು ನಿಮಗೆಲ್ಲ ಗೊತ್ತಿದೆ. ಹಸ್ತಪ್ರತಿ ಓದಿದ ಗೆಳೆಯರು, ಸಾಗರದಿಂದ ಬಂದು ನಮ್ಮ ಅಡುಗೆಮನೆ ನಡೆಸಿದ ಅತ್ತಿಗೆ, ಕೇಳಿದಾಗಲೆಲ್ಲ ರಜೆ ಕೊಟ್ಟ ಕಚೇರಿ, ಗಡುವು ಮೀರಿದರೂ ಗದರದ ಪ್ರಕಾಶಕರು, ಎಲ್ಲರಿಗೂ ಕೈಮುಗಿಯುತ್ತೇನೆ. (ಅತ್ತಿಗೆ, ನಿಮ್ಮ ಅಪ್ಪೆಹುಳಿಯ ಬಗ್ಗೆ ಬೇರೆಯೇ ಬರೆಯಬೇಕು.)

ಉಳಿದದ್ದೆಲ್ಲ ಕೆಳಗಿನ ಮನೆಯ ಆಂಟಿಗೆ. ಹೆಸರು ಹಾಕಬೇಡ ಎಂದಿದ್ದಾರೆ. ಚೀನೀ ಪತ್ರಿಕೆಯೊಂದರಲ್ಲಿ ಕರಡು ತಿದ್ದಿ ನಿವೃತ್ತರಾದವರು. ನನ್ನ ತಲೆಯಲ್ಲಿದ್ದುದು 1921ರಲ್ಲಿ ಚೀನಾದ ಶಿಯಾಮೆನ್ ವಿಶ್ವವಿದ್ಯಾಲಯ ಕಟ್ಟಿದ ಮಹಾದಾನಿಯ ಚಿತ್ರವೊಂದೇ. "ಮೊದಲು ಸಾಲದ ಕಥೆ ಬರೆ" ಎಂದರು ಆಂಟಿ. 1890ರಲ್ಲಿ ಫುಜಿಯಾನ್‌ನ ಜಿಮೇಯಿಂದ ತಂದೆಯ ಅಕ್ಕಿ ವ್ಯಾಪಾರಕ್ಕೆ ಸೇರಲು ಇಲ್ಲಿಗೆ ಬಂದ ಹುಡುಗ, ಆ ವ್ಯಾಪಾರ ಮುಳುಗಿದಾಗ, ಕಾನೂನಿನ ಕಟ್ಟಳೆಯಿಲ್ಲದಿದ್ದರೂ, ಅನಾನಸ್ ಡಬ್ಬಿಯ ಕಾರ್ಖಾನೆ ನಡೆಸಿ ಅಪ್ಪನ ಸಾಲ ತೀರಿಸಿದ. ರಬ್ಬರಿನ ಸಿರಿ ಬಂದದ್ದು ಆಮೇಲೆ.

ಆ ರಾತ್ರಿ ಆಸ್ಪತ್ರೆಗೆ ಬಂದಾಗ ಆಂಟಿಯ ಚೀಲದಲ್ಲಿ ಬಾರ್ಲಿ ನೀರಿನ ಫ್ಲಾಸ್ಕ್, ಭೂತಗನ್ನಡಿ ಮತ್ತು ನಾನೇ ಮುದ್ರಿಸಿಕೊಟ್ಟಿದ್ದ 'ನಾನ್ಯಾಂಗ್ ಸಿಯಾಂಗ್ ಪಾವ್' ಪತ್ರಿಕೆಯ ಹಳೆಯ ಪುಟಗಳಿದ್ದವು. ತಾನ್ 1923ರಲ್ಲಿ ಆರಂಭಿಸಿದ ಪತ್ರಿಕೆ ಅದು. ವ್ಯಾಪಾರ ಎಂಬುದು ಅದರ ಹೆಸರಿನಲ್ಲೇ ಇದೆ. ಸಮಾಧಾನದ ಒಂದು ಮಾತನ್ನೂ ಆಡದೆ ಆಂಟಿ ರಬ್ಬರ್ ಧಾರಣೆ ಓದತೊಡಗಿದರು, ಚೀನೀಯಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ. ಅಡಿಕೆ ಧಾರಣೆಗಾಗಿ ಅಪ್ಪ ರೇಡಿಯೊಗೆ ಕಿವಿ ಹಚ್ಚಿ ಕೂರುತ್ತಿದ್ದುದು ನೆನಪಾಯಿತು. ಮೂರು ಗಂಟೆಗೆ ವೈದ್ಯರು ಹೊರಬಂದು ನಾಲ್ಕು ಮಾತು ಹೇಳಿ ಹೋದರು. ಗೋಡೆಗೆ ಹಣೆಯೊತ್ತಿ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಆಂಟಿ ಓದು ನಿಲ್ಲಿಸಲಿಲ್ಲ. ನನ್ನ ಅಳು ಕಾರಿಡಾರಿನಲ್ಲಿದ್ದವರಿಗೆ ಕೇಳದಿರಲೆಂದು ದನಿಯನ್ನು ಮಾತ್ರ ತುಸು ಎತ್ತರಿಸಿದರು.

ಬೆಳಗಾಯಿತು. ನನ್ನ ಹೆಂಡತಿ ಈಗ ಕಾಫಿಗೆ ಸಕ್ಕರೆ ಹೆಚ್ಚಾಯಿತೆಂದು ದಿನವೂ ನನ್ನೊಡನೆ ಜಗಳ ಕಾಯುತ್ತಾಳೆ.

ಜಾಗತಿಕ ಆರ್ಥಿಕ ಕುಸಿತದಲ್ಲಿ ತಾನ್ ಅವರ ಕಂಪನಿ 1934ರಲ್ಲಿ ಮುಚ್ಚಿತು. ಆದರೂ 1937ರಲ್ಲಿ ಸರ್ಕಾರಕ್ಕೆ ಒಪ್ಪಿಸುವವರೆಗೂ ವಿಶ್ವವಿದ್ಯಾಲಯಕ್ಕೆ ಹೇಗೋ ಹಣ ಹೊಂದಿಸುತ್ತಲೇ ಇದ್ದರು. ಇದನ್ನು ತ್ಯಾಗ ಎನ್ನುವವರೇ ಹೆಚ್ಚು. ನನಗೆ ಅದು ಹಟವಾಗಿ ಕಾಣುತ್ತದೆ, ನಡುವೆ ಎದ್ದು ಹೋಗಲು ಒಲ್ಲದವರ ಹಟ. ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಅದೇ ಹಟ ಹಿಡಿದಿದ್ದವರನ್ನು ನೋಡಿರದಿದ್ದರೆ ಆ ಅಧ್ಯಾಯವನ್ನು ಬರೆಯಲು ನನ್ನಿಂದ ಆಗುತ್ತಿರಲಿಲ್ಲ.

ಮೊದಲ ಪ್ರತಿಯನ್ನು ಆಂಟಿಗೇ ಕೊಟ್ಟೆ. ಕನ್ನಡ ಬಾರದ ಅವರು ಒಂದೊಂದೇ ಪುಟ ಮಗುಚಿದರು. ಒಳಪುಟದಲ್ಲಿ ತಾನ್ ಅವರ ಹೆಸರನ್ನು ಚೀನೀ ಅಕ್ಷರಗಳಲ್ಲೂ ಹಾಕಿಸಿದ್ದೆ. ಭೂತಗನ್ನಡಿ ಅಲ್ಲಿ ನಿಂತಿತು. ಕೊನೆಯ ಅಕ್ಷರದ ಜಾಗದಲ್ಲಿ ಅದರಂತೆಯೇ ಕಾಣುವ ಬೇರೊಂದು ಕುಳಿತಿದೆಯಂತೆ. "ಪೆನ್ನು ಕೊಡು" ಎಂದರು.

ಇದುವರೆಗೆ ಮೂವತ್ತೆರಡು ಪ್ರತಿ ತಿದ್ದಿದ್ದಾರೆ. ನಿಮ್ಮ ಪ್ರತಿ ಬರುವುದು ಸ್ವಲ್ಪ ತಡವಾಗಬಹುದು.